ಚಿಲಕ ಸಮುದ್ರಕ್ಕೆ ಹೊರಟ

ನನ್ನ ಷಡ್ಡಕನನ್ನು ಬೀದಿಯವರೆಲ್ಲ ಚಿಲಕ ಎಂದು ಕರೆಯುತ್ತಾರೆ. ಅಂಗಡಿಯ ಬೋರ್ಡಿನ ಮೇಲೆ ಬೇರೊಂದು ಹೆಸರಿತ್ತು. ಅದು ಬಿಸಿಲಿಗೆ ಸುಲಿದುಹೋದ ಮೇಲೆ ಅವನ ಹೆಂಡತಿಗೂ ಆ ಹೆಸರು ಮರೆತಿರಬೇಕು. ಅಕ್ಕನನ್ನು ನಾನು ಮದುವೆಯಾದೆ, ತಂಗಿಯನ್ನು ಅವನು. ಎರಡನೆಯ ಅಳಿಯನನ್ನು ಹುಡುಕುವ ಹೊತ್ತಿಗೆ ನಮ್ಮ ಮಾವನವರಿಗೆ ಸುಸ್ತಾಗಿತ್ತು ಎಂದು ಕಾಣುತ್ತದೆ. ಸುಸ್ತಾದ ಮನುಷ್ಯ ಕಂಡ ಮೊದಲ ಕಲ್ಲಿನ ಮೇಲೆ ಕೂತುಬಿಡುತ್ತಾನೆ.

ಕಸುಬು ಬೀಗ ರಿಪೇರಿ. ಅಂಗಡಿ ಎಂದರೆ ನಮ್ಮ ಬಟ್ಟೆಯ ಬೀರುವಿಗಿಂತ ಒಂದು ಗೇಣು ಅಗಲ. ಅವನು ಒಳಗೆ ಕೂತರೆ ಗಿರಾಕಿ ಬೀದಿಯಲ್ಲಿ ನಿಲ್ಲಬೇಕು, ಗಿರಾಕಿ ಒಳಗೆ ಬಂದರೆ ಅವನು ಬೀದಿಗೆ ಹೋಗಬೇಕು. ಹಿಂದಿನ ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಬೀಗದಕೈಗಳನ್ನು ತೂಗುಹಾಕಿದ್ದಾನೆ. ಗಾಳಿ ಬೀಸಿದಾಗ ಅವೆಲ್ಲ ಒಟ್ಟಿಗೆ ಕಿಣಿಕಿಣಿ ಎನ್ನುತ್ತವೆ, ಆಗ ಅವನು ಬೆಚ್ಚಿ ತಿರುಗಿ ನೋಡುತ್ತಾನೆ, ಕಳ್ಳ ಬಂದನೇನೋ ಎಂದು. ಕೈಬೆರಳುಗಳಿಗೆ ಎಣ್ಣೆ ಕಪ್ಪು ಎಷ್ಟು ಹಿಡಿದಿದೆ ಎಂದರೆ, ಅವನು ಚಹಾ ಕುಡಿದಿಟ್ಟ ಲೋಟ ಸಿಕ್ಕರೆ ಪೊಲೀಸರಿಗೆ ಬೇರೆ ಸಾಕ್ಷಿಯೇ ಬೇಡ. ಯಾರ ಮುಖವನ್ನೂ ಅವನು ನೋಡುವುದಿಲ್ಲ, ಅವರ ಮನೆಯ ಬೀಗವನ್ನು ನೋಡುತ್ತಾನೆ. ಯಾರಾದರೂ ತೀರಿಕೊಂಡರು ಎಂದು ಹೇಳಿದರೆ, "ಯಾರು, ಆ ಸ್ಪ್ರಿಂಗ್ ಹೋದವರಾ?" ಎನ್ನುತ್ತಾನೆ.

ಕೆಲಸ ಮಾತ್ರ ಬಲ್ಲ. ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಒಂದು ತಂತಿ, ಒಂದು ಸಣ್ಣ ಅರ, ಕಣ್ಣಿಗೊಂದು ಮಸೂರ ಇದ್ದರೆ ಊರಿನಲ್ಲಿ ಅವನಿಗೆ ತೆರೆಯದ ಬಾಗಿಲಿಲ್ಲ. ಒಮ್ಮೆ ಯಾರದೋ ತಿಜೋರಿಯ ಮುಂದೆ ನಿಂತು ಸುಮ್ಮನೆ ಕೆಮ್ಮಿದನಂತೆ, ಅದು ತಾನಾಗಿಯೇ ತೆರೆದುಕೊಂಡಿತಂತೆ. ಇದನ್ನು ಬೀದಿಗೆ ಹೇಳಿದವನು ನಾನೇ. ನಾನು ಕಣ್ಣಾರೆ ಕಂಡದ್ದಲ್ಲ, ಆದರೆ ಎಷ್ಟು ಸಲ ಹೇಳಿದ್ದೇನೆಂದರೆ ಈಗ ಕಂಡಂತೆಯೇ ಆಗಿದೆ.

ಅವನ ಕಾಯಿಲೆ ಹುಟ್ಟಿದ್ದೇ ಇಲ್ಲಿ. ತನಗೆ ಎಲ್ಲ ಬೀಗವೂ ತೆರೆಯುತ್ತದೆ ಎಂಬ ಕಾರಣಕ್ಕೆ ಲೋಕದ ಎಲ್ಲರಿಗೂ ತೆರೆಯುತ್ತದೆ ಎಂದು ಅವನು ನಂಬಿಕೊಂಡ. ಆದ್ದರಿಂದ ಮನೆ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಆ ಮನೆಯಲ್ಲಿ ಕದಿಯಲು ಏನಿದೆ ಎಂದು ಕೇಳಬೇಡಿ. ಒಂದು ಕಾಲು ಕುಂಟುವ ಮೇಜು, ಬಾಗಿಲು ಸರಿಯಾಗಿ ಮುಚ್ಚದ ಕಪಾಟು, ಮಂಚದ ಕೆಳಗೆ ಗೋಣಿಚೀಲದ ತುಂಬ ಹಳೆಯ ಬೀಗಗಳು. ಯಾವನಾದರೂ ಕಳ್ಳ ಒಳಹೊಕ್ಕರೆ ಕಣ್ಣೀರು ಹಾಕಿ, ತನ್ನ ಟಾರ್ಚನ್ನು ಅಲ್ಲೇ ದಾನ ಕೊಟ್ಟು ಹೊರಗೆ ಬಂದಾನು. ಆದರೂ ಅವನ ಮನೆಯ ಮುಂಬಾಗಿಲಿಗೆ ಇರುವಷ್ಟು ಕಬ್ಬಿಣ ಊರ ಸೇತುವೆಗಿಲ್ಲ. ಹಿಂಬಾಗಿಲು ಇತ್ತು, ಅದನ್ನು ಇಟ್ಟಿಗೆ ಹಾಕಿ ಮುಚ್ಚಿಸಿಬಿಟ್ಟಿದ್ದಾನೆ.

ಇಂಥವನ ಮನೆಯಲ್ಲಿ ಸಮುದ್ರದ ಮಾತು ಶುರುವಾಯಿತು.

ನನ್ನ ನಾದಿನಿಗೆ, ಎಂದರೆ ಚಿಲಕನ ಹೆಂಡತಿಗೆ, ಮದುವೆಯಾದಾಗಿನಿಂದ ಒಂದೇ ಆಸೆ. ಕಡಲ ದಡದ ಆ ದೊಡ್ಡ ಊರನ್ನು ನೋಡಬೇಕು. ದೀಪಸ್ತಂಭ ಹತ್ತಬೇಕು, ಮೀನುಗಳನ್ನು ಇಟ್ಟಿರುವ ಗಾಜಿನ ಮನೆಯೊಳಗೆ ಓಡಾಡಬೇಕು, ಬಂದರಿನಲ್ಲಿ ಹಡಗು ನಿಂತಿರುವುದನ್ನು ನೋಡಬೇಕು. ಚಿಲಕ ಒಂದು ವರ್ಷವೂ ಇಲ್ಲ ಎಂದವನಲ್ಲ. ಪ್ರತಿ ಬೇಸಿಗೆಗೂ "ಹೋಗೋಣ, ಪ್ಲ್ಯಾನ್ ಮಾಡೋಣ" ಎನ್ನುತ್ತಿದ್ದ. ಅವನ ಪ್ಲ್ಯಾನಿಗೆ ತಲೆ ಇತ್ತು, ಹೊಟ್ಟೆ ಇತ್ತು, ಕಾಲು ಮಾತ್ರ ಇರಲಿಲ್ಲ. ಮಗಳನ್ನು ಕರೆದುಕೊಂಡು ತಾನೇ ಹೋಗಿಬರುತ್ತೇನೆಂದು ಹೆಂಡತಿ ಹೇಳಿದರೆ ಅದಕ್ಕೂ ಒಪ್ಪುತ್ತಿರಲಿಲ್ಲ. "ಹೋದ್ರೆ ಎಲ್ರೂ. ಇಲ್ಲಾಂದ್ರೆ ಯಾರೂ ಬೇಡ. ಸಂಸಾರ ಅಂದ್ಮೇಲೆ ಒಟ್ಟಿಗಿರ್ಬೇಕು."

ಆ ಊರಿನ ಬಗ್ಗೆ ಅವನಿಗಿದ್ದ ಜ್ಞಾನವೂ ಅಂಥದ್ದೇ. ಪ್ರವಾಸ ಹೋಗಿ ಸುಖವಾಗಿ ಮರಳಿ ಬಂದವರು ಬೀಗದ ಅಂಗಡಿಗೆ ಏಕೆ ಬರುತ್ತಾರೆ? ಬೀಗದಕೈ ಕಳೆದುಕೊಂಡವರು ಮಾತ್ರ ಬರುತ್ತಾರೆ. ಚಪ್ಪಲಿಯಲ್ಲಿ ಮರಳು, ಮೂಗಿನ ಮೇಲೆ ಸುಲಿದ ಚರ್ಮ, ಕೈಯಲ್ಲಿ ಅಳುವ ಮಗು, ಹಿಂದೆ ಬೈಯುವ ಹೆಂಡತಿ. ಸಮುದ್ರಕ್ಕೆ ಹೋದವರೆಂದರೆ ಅವನು ಕಂಡದ್ದು ಇಷ್ಟು ಜನರನ್ನೇ. ಹೀಗಾಗಿ ಸಮುದ್ರ ಎಂದರೆ ಬೀಗದಕೈ ನುಂಗುವ ಒಂದು ದೊಡ್ಡ ಪ್ರಾಣಿ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

"ಅಲ್ಲಿ ನೀರಿನ ಕೆಳಗೆ ಏನಿದೆ ಗೊತ್ತಾ ಅಣ್ಣಾ? ಬರೀ ಬೀಗದಕೈ."

"ಹೌದಪ್ಪ," ಎಂದೆ. "ಅದಕ್ಕೇ ಈಗೀಗ ಹಡಗುಗಳು ದಡಕ್ಕೆ ಬರೋಕಾಗ್ತಿಲ್ವಂತೆ. ಬುಡಕ್ಕೆ ತಗುಲುತ್ತಂತೆ."

ಅವನು ತಲೆಯಾಡಿಸಿದ. ನಂಬಿದನೋ ಏನೋ.

ಹೀಗೆಯೇ ಇನ್ನೂ ನೂರು ಬೇಸಿಗೆ ಕಳೆಯುತ್ತಿತ್ತು. ಆದರೆ ಚಿಲಕನ ತಾಯಿಯ ಕಣ್ಣು ಮಂಜಾಗತೊಡಗಿತು. ಮುದುಕಿಗೆ ಬಾಯಿ ಕತ್ತರಿಯಂಥದ್ದು, ಸೊಸೆಯ ಜೊತೆ ಮಾತ್ರ ಬೆಣ್ಣೆ. ಅವರಿಬ್ಬರೂ ಸೇರಿಕೊಂಡರೆ ಚಿಲಕನಿಗೆ ತನ್ನ ಮನೆಯಲ್ಲೇ ಬಾಡಿಗೆಗೆ ಇದ್ದಂತೆ. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿದರು, ಇದು ಪೊರೆಯಲ್ಲ, ಹಿಂದಿನ ನರ ಒಣಗುತ್ತಿದೆ, ಆಪರೇಷನ್ನಿನಿಂದ ಹೋಗುವಂಥದ್ದಲ್ಲ, ಈಗ ಕಾಣುವುದು ಇನ್ನೊಂದು ವರ್ಷಕ್ಕೆ ಕಾಣುತ್ತದೋ ಇಲ್ಲವೋ ಹೇಳಲಾಗದು ಎಂದರು. ಮುದುಕಿ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದಳು:

"ಈ ಕಣ್ಣಿನ ಅಂಗಡಿ ಮುಚ್ಚೋ ಮುಂಚೆ ಸಮುದ್ರ ನೋಡ್ಬೇಕು ಕಣೋ. ಆಮೇಲೆ ನೀನು ಬೇಕಾದ್ರೆ ಬೀಗ ಜಡಿ."

ಆ ಸಂಜೆ ನಮ್ಮನ್ನೂ ಕರೆದರು. ನಾನು ಬಸ್ ಕಂಡಕ್ಟರಾಗಿ ನಿವೃತ್ತನಾದವನು. ದಾರಿ, ಬಸ್ಸು, ಸೀಟು ಎಂದರೆ ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಇದೆ. ಕುಂಟುವ ಮೇಜಿನ ಸುತ್ತ ಕೂತೆವು. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸುತ್ತ ಹೋದಳು, ಚಿಲಕ ಒಂದೊಂದನ್ನೇ ಕೊಲ್ಲುತ್ತ ಹೋದ. ದೀಪಸ್ತಂಭ ಬೇಡ, ಮೇಲೆ ಹತ್ತಿದಾಗ ಯಾರಾದರೂ ಕೆಳಗಿನ ಬಾಗಿಲು ಹಾಕಿಕೊಂಡು ಹೋದರೆ? ದೋಣಿಯಂತೂ ಬೇಡವೇ ಬೇಡ, ಅದನ್ನು ಹಗ್ಗದಲ್ಲಿ ಕಟ್ಟಿರುತ್ತಾರೆ, ಹಗ್ಗ ಎಂದರೆ ಯಾವ ಕತ್ತರಿಗಾದರೂ ಬಗ್ಗುವ ಜಾತಿ. ಗಾಜಿನ ಮನೆಯ ಚಿತ್ರ ಬಂದಾಗ ತುಂಬ ಹೊತ್ತು ನೋಡಿ, "ಮೀನಿಗೇ ಇಷ್ಟು ಭದ್ರ ಮಾಡಿದಾರೆ ನೋಡಿ" ಎಂದು ನಿಟ್ಟುಸಿರು ಬಿಟ್ಟ.

"ನಿನ್ನ ಹೆರೋವಾಗ್ಲೂ ಹಿಂಗೇ," ಎಂದಳು ತಾಯಿ. "ಹೊರಗೆ ಬರೋಕೇ ಒಪ್ಪಲಿಲ್ಲ. ಸೂಲಗಿತ್ತಿ ಬೆವತುಹೋದ್ಲು. ಆವತ್ತೇ ತಿಳ್ಕೋಬೇಕಿತ್ತು ನಾನು."

ಮಗಳು ಲಾಡ್ಜಿನ ನಂಬರು ಹುಡುಕಿ ಕೊಟ್ಟಳು. ಚಿಲಕ ಫೋನನ್ನು ಕಿವಿಗೆ ಒತ್ತಿಕೊಂಡ. ಆ ಕಡೆಯವನ ದನಿ ನಮಗೂ ಕೇಳುತ್ತಿತ್ತು.

"ರೂಮಿದೆ ಸಾರ್. ಕಿಟಕಿ ತೆಗೆದ್ರೆ ಸಮುದ್ರ."

"ಸಮುದ್ರ ಇರ್ಲಿ ಬಿಡಿ. ಬಾಗಿಲಿಗೆ ಎಂಥ ಬೀಗ?"

"ಬೀಗ... ಇದೆಯಲ್ಲ ಸಾರ್. ಹಿಡಿಕೆ ಮಧ್ಯ ಗುಂಡಿ ಇರುತ್ತಲ್ಲ, ಅದು."

"ಅಯ್ಯೋ, ಅದಾ? ತಲೆಪಿನ್ನು ಇದ್ರೆ ಉಸಿರು ಬಿಡೋದ್ರೊಳಗೆ ತೆಗೀತೀನಿ ಅದನ್ನ. ಎಷ್ಟು ರೂಮಿಗಿದೆ ಹಾಗೆ? ಎಲ್ಲಾ ರೂಮಿಗೂನಾ?"

ಆ ಕಡೆ ಮಾತು ನಿಂತಿತು. ಆಮೇಲೆ ಫೋನೂ ನಿಂತಿತು. ಇನ್ನೊಂದು ಲಾಡ್ಜಿಗೆ ಮಾಡಿದ. ಅಲ್ಲಿಯೂ ಇದೇ ಕಥೆ, ಅವನು ರಾತ್ರಿ ಕಾವಲಿಗೆ ಯಾರಿರುತ್ತಾರೆ ಎಂದೂ ಕೇಳಿದ. ಕೊನೆಗೆ ಆ ಊರಿನ ಲಾಡ್ಜಿನವರೆಲ್ಲ ಸಭೆ ಸೇರಿ, ಇಂಥ ದನಿಯ ಮನುಷ್ಯ ಬಂದರೆ ಬಂದರಿನ ಗೇಟಿನಲ್ಲೇ ತಡೆಯಬೇಕೆಂದು ಠರಾವು ಮಾಡಿದರು ಎಂದು ನನ್ನ ಅಂದಾಜು.

ಚಿಲಕ ಫೋನು ಕೆಳಗಿಟ್ಟು, ಯುದ್ಧ ಗೆದ್ದವನಂತೆ ಎದೆಯುಬ್ಬಿಸಿ ಕೂತ. "ನೋಡಿದ್ರಾ? ಲೋಕದಲ್ಲಿ ಬೀಗಾನೇ ಇಲ್ಲ. ಲಾಡ್ಜಿಗೂ ಇಲ್ಲ, ನಮ್ಮನೆಗೂ ಇಲ್ಲ. ನನ್ನ ಕೈಲೂ ತೆಗೆಯೋಕಾಗದ ಬೀಗ ಒಂದಿರ್ಲಿ, ಅದನ್ನ ಮನೆಗೆ ಹಾಕಿ ಆವತ್ತೇ ಹೊರಟುಬಿಡೋಣ. ನನಗೇನು ಆಸೆ ಇಲ್ವಾ?"

ನನ್ನ ನಾದಿನಿ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಆವತ್ತೇ ಅಂದ್ರಿ."

"ಆವತ್ತೇ."

"ಲಾಡ್ಜಿನ ಬೀಗ ಹೆಂಗಿದ್ರೂ?"

"ಮನೆ ಭದ್ರ ಆದ್ರೆ ಲಾಡ್ಜು ಹಾಳಾಗಿ ಹೋಗ್ಲಿ."

"ಅಮ್ಮನ ಮುಂದೆ ಇನ್ನೊಂದ್ಸಲ ಹೇಳಿ."

ಅವನು ತಾಯಿಯ ಮುಂದೆಯೂ ಹೇಳಿದ. "ಭಾವ, ಕೇಳಿಸ್ಕೊಂಡ್ರಲ್ಲ?" ಎಂದಳು ನನ್ನ ಕಡೆ ತಿರುಗಿ. ಕೇಳಿಸಿಕೊಂಡೆ ಎಂದೆ. ಆ ಮನೆಯಲ್ಲಿ ನಾನು ಕೇಳಿಸಿಕೊಂಡ, ಕೆಲಸಕ್ಕೆ ಬಂದ ಮೊದಲ ಮಾತು ಅದು.

ಅಂದಿನಿಂದ ಚಿಲಕ ಬೀಗ ಮಾಡಲು ಕೂತ. ಗಿರಾಕಿಗಳು ಬಂದರೆ ಆಮೇಲೆ ಬನ್ನಿ ಎಂದು ಅಟ್ಟುತ್ತಿದ್ದ, ಊರಿನ ಅರ್ಧ ಜನ ತಮ್ಮ ಮನೆಗೆ ತಾವೇ ಕಿಟಕಿಯಿಂದ ಇಳಿಯುತ್ತಿದ್ದರು. ಮೊದಲ ಬೀಗ ಮುಷ್ಟಿಯಷ್ಟಿತ್ತು. ಮಾಡಿದ, ಮಸೂರ ಹಾಕಿದ, ತಂತಿ ಆಡಿಸಿದ, ತೆರೆದುಕೊಂಡಿತು. ತಲೆ ಚಚ್ಚಿಕೊಂಡ. ಎರಡನೆಯದು ತೆಂಗಿನಕಾಯಿಯಷ್ಟು, ಅದೂ ತೆರೆದುಕೊಂಡಿತು. ಮೂರನೆಯದು ಕುಂಬಳಕಾಯಿಯಷ್ಟಾಯಿತು, ಅದನ್ನು ಬಾಗಿಲಿಗೆ ಹಾಕಿದರೆ ಬಾಗಿಲೇ ಕಿತ್ತುಬರುತ್ತಿತ್ತು. ತಾನೇ ಮಾಡುವುದು, ತಾನೇ ತೆಗೆಯುವುದು, ತೆಗೆದಮೇಲೆ ಮಾಡಿದವನ ಅಪ್ಪ ಅಜ್ಜನನ್ನು ತಾನೇ ಬೈಯುವುದು. ನಾನು ಸಂಜೆ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಇಷ್ಟು ಅಗ್ಗದ ಮನರಂಜನೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅವನ ತೊಂದರೆ ಏನೆಂದು ನನ್ನಂಥ ದಡ್ಡನಿಗೂ ಹೊಳೆಯಿತು. ಬೀಗದೊಳಗೆ ಹಿತ್ತಾಳೆಯ ತೆಳು ತಗಡುಗಳಿರುತ್ತವೆ. ಬೀಗದಕೈಯ ಹಲ್ಲುಗಳು ಒಂದೊಂದು ತಗಡನ್ನು ಒಂದೊಂದು ಎತ್ತರಕ್ಕೆ ಎತ್ತಬೇಕು. ಕಡಿಮೆ ಎತ್ತಿದರೂ ತೆರೆಯದು, ಹೆಚ್ಚು ಎತ್ತಿದರೂ ತೆರೆಯದು. ಯಾವ ತಗಡು ಎಷ್ಟೆತ್ತರ ಎನ್ನುವುದೇ ಗುಟ್ಟು. ಗುಟ್ಟು ಇಟ್ಟವನೇ ಗುಟ್ಟು ಒಡೆಯಲು ಕೂತರೆ ಏನಾಗುತ್ತದೆ?

"ಒಳಗೆ ಏನಿದೆ ಅಂತ ನಿನಗೆ ಗೊತ್ತಿರೋವರೆಗೂ ಇದು ಬಗೆಹರಿಯಲ್ಲ ಕಣಯ್ಯಾ," ಎಂದೆ. "ತಲೆಗೊಂದು ಪೆಟ್ಟು ಹಾಕ್ಕೊಂಡು ಮರೆತುಬಿಡು. ಬೇಕಾದ್ರೆ ನಾನೇ ಹಾಕ್ತೀನಿ."

ಅವನು ನನ್ನನ್ನೇ ದಿಟ್ಟಿಸಿ ನೋಡಿದ. ಮರುದಿನ ಹೆಂಡತಿಯನ್ನು ಅಂಗಡಿಗೆ ಕರೆದು ಕೂರಿಸಿದ.

ಅವನ ಜೀವಮಾನದಲ್ಲಿ ಇದಕ್ಕಿಂತ ದೊಡ್ಡ ತಪ್ಪನ್ನು ಅವನು ಮಾಡಿಲ್ಲ. ಎಲ್ಲ ಎತ್ತರಕ್ಕೂ ಹೊಂದುವ ತಗಡುಗಳ ಒಂದು ರಾಶಿ ಕತ್ತರಿಸಿಕೊಟ್ಟ. ಯಾವುದರ ಮೇಲೆ ಯಾವುದನ್ನು ಹೇಗೆ ಜೋಡಿಸಬೇಕು, ಜೋಡಿಸಿದ್ದಕ್ಕೆ ತಕ್ಕಂತೆ ಬೀಗದಕೈಯ ಹಲ್ಲನ್ನು ಅರದಲ್ಲಿ ಹೇಗೆ ಉಜ್ಜಬೇಕು, ಕೊನೆಗೆ ಮುಚ್ಚಳದ ಮೊಳೆಗಳನ್ನು ಹೇಗೆ ಬಡಿದು ಸೇರಿಸಬೇಕು ಎಂದು ಹೇಳಿಕೊಟ್ಟ. ಕಲಿಸುವಾಗ ಬೈದದ್ದಕ್ಕೆ ಲೆಕ್ಕವಿಲ್ಲ. "ಅರ ಹಿಡಿಯೋದು ಹಂಗಲ್ಲ, ಅದೇನು ಸೌಟಾ?" ಎಂದು ಬೀದಿಗೆಲ್ಲ ಕೇಳುವಂತೆ ರೇಗುತ್ತಿದ್ದ. ಅವಳು ಸುಮ್ಮನೆ ಉಜ್ಜುತ್ತಿದ್ದಳು. ಜೋಡಿಸುವ ದಿನ ಅವನು ನೋಡಬಾರದಲ್ಲ, ಆದ್ದರಿಂದ ನಮ್ಮ ಜಗಲಿಗೆ ಬಂದು ಗೋಡೆಯ ಕಡೆ ಮುಖ ಮಾಡಿ ಕೂತ. ತಪ್ಪು ಮಾಡಿದ ಶಾಲೆಯ ಹುಡುಗ ಕೂತಂತೆ. ಕಿವಿಗೆ ಹತ್ತಿ ಬೇರೆ, ಸದ್ದು ಕೇಳಿದರೆ ತಗಡಿನ ಎತ್ತರ ತಿಳಿದುಬಿಡುತ್ತದಂತೆ.

ಬೀಗ ಸಿದ್ಧವಾಯಿತು. ಮುಷ್ಟಿಗಿಂತ ತುಸು ದೊಡ್ಡದು, ನೋಡಲು ಸಾಧು. ಚಿಲಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡಿದರೆ ಸಾಲದು ಎಂದ. ನಿಜವಾದ ಬಾಗಿಲಿಗೆ ಹಾಕಬೇಕು, ಮನೆಯೊಳಗೆ ಒಂದು ಪಿಳ್ಳೆಯೂ ಇರಬಾರದು, ಎಲ್ಲರೂ ಚೀಲ ಕಟ್ಟಿಕೊಂಡು ಊರಿಗೆ ಹೊರಟವರಂತೆ ಹೊರಗೆ ನಿಂತಿರಬೇಕು.

"ಯಾಕೆ?" ಎಂದೆ.

"ಮನೆ ಖಾಲಿ ಅಂದಾಗ ಬೀಗದ ಗುಣಾನೇ ಬೇರೆ ಅಣ್ಣಾ. ತಾಲೀಮು ಅಂದ್ರೆ ಪೂರ್ತಿ ಮಾಡ್ಬೇಕು."

ನಾದಿನಿ ಮರುಮಾತಿಲ್ಲದೆ ಒಪ್ಪಿದಳು. ಅದೇ ಸಂಜೆ ನನ್ನ ಹತ್ತಿರ ಬಂದು, "ಭಾವ, ತಾಲೀಮಿನ ದಿನ ಮಧ್ಯಾಹ್ನದ ಬಸ್ಸಲ್ಲಿ ಸೀಟು ಹಿಡಿದುಬಿಡಿ" ಎಂದಳು. "ನಾಲ್ಕು ಸೀಟಾ, ಮೂರಾ?" ಎಂದೆ. "ನಾಲ್ಕೇ ಹಿಡೀರಿ. ಅಮ್ಮ ಮಗನನ್ನ ಬಿಟ್ಟು ಬರಲ್ಲ. ಬಾಯಲ್ಲಿ ಹೇಳಲ್ಲ ಅಷ್ಟೆ." ಮಗಳು ಅಪ್ಪನ ದನಿಯನ್ನು ಇನ್ನೂ ಕೇಳದಿದ್ದ ಒಂದು ಲಾಡ್ಜನ್ನು ಹೇಗೋ ಹುಡುಕಿದಳು.

ತಾಲೀಮಿನ ದಿನ ಬೆಳಿಗ್ಗೆ ಬೀದಿಗೆ ಬೀದಿಯೇ ಸೇರಿತು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡಕ್ಕೆ ಸೋಪು ಹಚ್ಚಿದವನು ಹಾಗೆಯೇ ಎದ್ದುಬಂದ, ಹಿಂದೆಯೇ ಆ ಅರ್ಧ ಗಡ್ಡವೂ ಬಂತು. ಹೆಂಗಸರ ಚೀಲಗಳು ಹೊಟ್ಟೆ ತುಂಬಿ ಉಬ್ಬಿದ್ದವು. ಚಿಲಕನ ಚೀಲವಂತೂ ಎತ್ತಲಾಗುತ್ತಿರಲಿಲ್ಲ. ಬಟ್ಟೆಯನ್ನು ಸುಮ್ಮನೆ ಏಕೆ ಮಡಿಕೆ ಮುರಿಯುವುದು ಎಂದು, ಮಂಚದ ಕೆಳಗಿನ ಹಳೆಯ ಬೀಗಗಳನ್ನು ಅದಕ್ಕೆ ಸುರಿದುಕೊಂಡಿದ್ದ. ತೂಕ ಸರಿಯಿರಬೇಕಂತೆ, ತಾಲೀಮಲ್ಲವೇ.

ಬಾಗಿಲು ಎಳೆದು ಬೀಗ ಒತ್ತಿದ. ಹಲ್ಲು ಕಾಣದಂತೆ ಬಟ್ಟೆಯಲ್ಲಿ ಸುತ್ತಿದ್ದ ಬೀಗದಕೈಯನ್ನು ಅವನೇ ತಾಯಿಯ ಕೈಗೆ ಕೊಟ್ಟು, "ನಾನು ಕೇಳಿದ್ರೂ ಕೊಡ್ಬೇಡ" ಎಂದ. ಮುದುಕಿ ಅದನ್ನು ಸೊಂಟದ ಸಣ್ಣ ಚೀಲಕ್ಕೆ ಹಾಕಿ ದಾರ ಎಳೆದುಕೊಂಡಳು. ಅಮ್ಮನ ಸೊಂಟಕ್ಕೆ ಕೈ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ.

ಚಿಲಕ ಚಾಪೆ ಹಾಸಿ ಕೂತ, ಕಣ್ಣಿಗೆ ಮಸೂರ ಸಿಕ್ಕಿಸಿದ. ಒಂದು ತಂತಿ ಬಿಟ್ಟು ಇನ್ನೊಂದು ತಂತಿ ಹಿಡಿದ. ಕಿವಿ ಒತ್ತಿದ, ಮೂಸಿ ನೋಡಿದ. ಬಿಸಿಲೇರಿತು. ಅವನ ಬೆವರು ಮೆಟ್ಟಿಲಿಳಿದು ಬೀದಿಯ ಮೋರಿ ಸೇರಿತು. ನಮ್ಮ ಮನೆಯವಳು ಎಲ್ಲರಿಗೂ ಚಹಾ ತಂದಳು.

"ಚಿಲಕಣ್ಣ, ಒಂದ್ಸಲ ಕೆಮ್ಮಿ ನೋಡಬಾರ್ದಾ?" ಎಂದ ಕ್ಷೌರದವನು.

ಚಿಲಕ ಅತ್ತಿತ್ತ ನೋಡಿ, ಯಾರಿಗೂ ಗೊತ್ತಾಗದ ಹಾಗೆ ಸಣ್ಣಗೆ ಕೆಮ್ಮಿದ. ಬೀಗ ಕದಲಲಿಲ್ಲ.

ನಾದಿನಿ ನನ್ನ ಪಕ್ಕ ನಿಂತು ಚಹಾ ಕುಡಿಯುತ್ತಿದ್ದಳು. ಏನಮ್ಮ ಮಾಡಿದೆ ಅದರೊಳಗೆ ಎಂದು ಪಿಸುಗುಟ್ಟಿದೆ.

"ಏನಿಲ್ಲ ಭಾವ. ಅವರು ಕನ್ನಡಕ ಕಳ್ಕೊಂಡಾಗ ಮೊದ್ಲು ಮೇಲಿನ ಗೂಡು ನೋಡ್ತಾರೆ. ಸಿಗದಿದ್ರೆ ಇನ್ನೂ ಮೇಲೆ ನೋಡ್ತಾರೆ. ಒಂದಿನಾನೂ ಬಗ್ಗಿ ಕೆಳಗೆ ನೋಡಿದ್ದು ನಾ ಕಂಡಿಲ್ಲ. ಅದಕ್ಕೇ ತಗಡೆಲ್ಲ ಕೆಳಗೇ ಇಟ್ಟೆ. ಸ್ವಲ್ಪ ಎತ್ತಿದ್ರೆ ಸಾಕು. ಒಂದನ್ನಂತೂ ಮುಟ್ಟಲೇಬಾರ್ದು."

ನಾನು ಚಿಲಕನನ್ನು ನೋಡಿದೆ. ನಾಲಿಗೆ ಕಚ್ಚಿಕೊಂಡು, ಒಂದೊಂದು ತಗಡನ್ನೂ ಆಕಾಶಕ್ಕೆ ಎತ್ತುತ್ತಿದ್ದ. ಇಷ್ಟು ವರ್ಷ ಒಟ್ಟಿಗೆ ಬಾಳಿದ ಹೆಂಡತಿಗೆ ಗಂಡನನ್ನು ಹೊರಗಿಡಲು ಇನ್ನೇನು ಬೇಕು.

ಕೊನೆಗೆ ತಂತಿ ಬಿಸಾಡಿ ಎದ್ದು ನಿಂತ. ಅವನ ಮುಖ ನೋಡಬೇಕಿತ್ತು. ಸೋತವನ ಮುಖವಲ್ಲ ಅದು, ಗಂಡುಮಗು ಹುಟ್ಟಿತು ಎಂದು ಕೇಳಿದವನ ಮುಖ.

"ಆಗಲ್ಲ ಅಣ್ಣಾ. ನನ್ನ ಕೈಲಿ ಆಗಲ್ಲ. ಇದನ್ನ ತೆಗೆಯೋನು ಈ ಭೂಮಿ ಮೇಲಿಲ್ಲ." ಕಣ್ಣಲ್ಲಿ ನೀರು. ಅರ್ಧ ಗಡ್ಡದವನ ಕೈಯನ್ನೂ ಹಿಡಿದು ಕುಲುಕಿದ. ಆಮೇಲೆ ತಾಯಿಯ ಮುಂದೆ ಕೈ ಚಾಚಿದ. "ಕೊಡಮ್ಮ, ಒಳಗೆ ಹೋಗಿ ಊಟ ಮಾಡೋಣ."

"ಸಮುದ್ರ ತೋರ್ಸು, ಕೊಡ್ತೀನಿ," ಎಂದಳು ಮುದುಕಿ.

"ಆವತ್ತೇ ಅಂದಿದ್ರಿ," ಎಂದಳು ಹೆಂಡತಿ.

"ಇದು ತಾಲೀಮು ಕಣೇ."

"ನಿಮ್ಮದು ತಾಲೀಮು. ನಮ್ಮ ಚೀಲದಲ್ಲಿ ಬಟ್ಟೆ ಇದೆ."

ಚಿಲಕ ಬಾಲ ಸುಟ್ಟ ಬೆಕ್ಕಿನಂತೆ ನನ್ನ ಕಡೆ ತಿರುಗಿದ. "ಅಣ್ಣಾ, ನೀವಾದ್ರೂ ಸ್ವಲ್ಪ ಹೇಳಿ."

"ಹೇಳ್ತೀನಿ. ಬಸ್ಸಿಗೆ ಹೊತ್ತಾಯ್ತು. ಮುಂದಿನ ಕಡೆ ನಾಲ್ಕು ಸೀಟು, ಡ್ರೈವರು ನಮ್ಮೋನೇ."

ಅವನು ಹೊಸ್ತಿಲ ಮುಂದಿನ ಮೆಟ್ಟಿಲ ಮೇಲೆ ಕುಕ್ಕರಿಸಿಬಿಟ್ಟ. ನೀವು ಹೋಗಿ, ನಾನು ಕಾಯುತ್ತೇನೆ ಎಂದ. ಯಾರೂ ಒಳಗೆ ಹೋಗಲಾಗದ ಮನೆ, ತಾನೂ ಹೋಗಲಾರ, ಅದನ್ನು ಕಾಯುತ್ತಾನಂತೆ. ನಮ್ಮ ಮನೆಯವಳು ತಟ್ಟೆಗೆ ಊಟ ಹಾಕಲು ತನಗೆ ಬಿಡುವಿಲ್ಲ ಎಂದು ಮೊದಲೇ ಸಾರಿಬಿಟ್ಟಳು. ಸೊಸೆ ಮೊಮ್ಮಗಳು ಚೀಲ ಎತ್ತಿಕೊಂಡರು. ಮುದುಕಿ ಮೊಮ್ಮಗಳ ತೋಳಿಗೆ ಕೈ ಹಾಕುವ ಮೊದಲೇ ಒಂದು ಹೆಜ್ಜೆ ಮುಂದಿಟ್ಟಳು. ಅಲ್ಲಿ ಮೆಟ್ಟಿಲಿತ್ತು. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಹತ್ತಿ ಇಳಿದ ಮೆಟ್ಟಿಲು. ಅವಳ ಕಾಲು ಗಾಳಿಯಲ್ಲಿ ತಡಕಾಡಿತು, ಮೈ ಓಲಾಡಿತು.

"ಇಲ್ಲೊಂದು ಮೆಟ್ಲಿತ್ತಾ?" ಎಂದಳು, ಯಾರನ್ನೋ ಬೈಯುವವಳಂತೆ.

ಚಿಲಕ ಅದನ್ನು ನೋಡಿದ. ಬೀಗವನ್ನು ಬಿಟ್ಟು ಅವನು ಬೇರೊಂದನ್ನು ಸರಿಯಾಗಿ ನೋಡಿದ್ದು ಆಗಲೇ ಇರಬೇಕು. ಎದ್ದು ಬಂದು ತಾಯಿಯ ಕೈ ಹಿಡಿದ. ಇನ್ನೊಂದು ಕೈಯಲ್ಲಿ ಆ ಹಳೆಯ ಬೀಗಗಳ ಚೀಲ ಎತ್ತಿಕೊಂಡ. ಅದನ್ನಾದರೂ ಬಿಟ್ಟು ಹೋಗು ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಒಂದು ಸಂಸಾರದಲ್ಲಿ ಅಷ್ಟೂ ನಗು ಇರಬಾರದೇ?

ಮುಂದಿನ ಕಥೆಯನ್ನು ಮಗಳು ಬಂದು ಹೇಳಿದಳು. ಲಾಡ್ಜಿಗೆ ಕಾಲಿಟ್ಟ ಸಂಜೆಯೇ ಪಕ್ಕದ ರೂಮಿನ ಸಂಸಾರವೊಂದು ಬಾಗಿಲ ಮುಂದೆ ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತಿತ್ತಂತೆ. ಬೀಗದಕೈಯನ್ನು ಅಲೆ ಎಳೆದುಕೊಂಡು ಹೋಗಿತ್ತು. ಚಿಲಕ ಮಗಳ ತಲೆಪಿನ್ನು ಕಿತ್ತುಕೊಂಡ. ಬಾಗಿಲು ತೆರೆಯಿತು. ಆಮೇಲೆ ಕೆಳಗಿನ ಮಹಡಿಯವರು ಬಂದರು. ಮರುದಿನ ಎದುರಿನ ಲಾಡ್ಜಿನವರು ಬಂದರು. ಅವನ ಮಾತು ನಿಜವೇ ಆಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಆ ಊರಿನಲ್ಲಿ ಸ್ನಾನಕ್ಕೆ ಇಳಿದವರೆಲ್ಲ ಸಮುದ್ರಕ್ಕೆ ಒಂದೊಂದು ಬೀಗದಕೈ ಕೊಟ್ಟೇ ಮೇಲೆ ಬರುತ್ತಾರಂತೆ. ಅವನು ಇದ್ದಷ್ಟು ದಿನವೂ ಲಾಡ್ಜುಗಳ ಓಣಿಯಲ್ಲಿ ಮಂಡಿಯೂರಿ ಕೂತಿದ್ದ. ಹಳೆಯ ಬೀಗಗಳ ಚೀಲವೂ ಖಾಲಿಯಾಯಿತು, ಬಿಚ್ಚಿ ಸ್ಪ್ರಿಂಗ್ ತೆಗೆಯಲು ಬೇಕಾಯಿತಲ್ಲ. ಬದಲಿಸಲು ಬಟ್ಟೆ ಇಲ್ಲದೆ ಯಾವುದೋ ಮ್ಯಾನೇಜರನ ಅಂಗಿ ಹಾಕಿಕೊಂಡಿದ್ದನಂತೆ. ಸಮುದ್ರವನ್ನು ಮಾತ್ರ ನೋಡಲಿಲ್ಲ. ಓಣಿಯ ಕೊನೆಗೆ ಒಂದು ಕಿಟಕಿ ಇತ್ತು, ಅದರ ಚಿಲಕ ತುಕ್ಕು ಹಿಡಿದಿತ್ತು, ಕದವನ್ನು ಒಳಕ್ಕೆ ಎಳೆದುಕೊಂಡು ಅದನ್ನು ರಿಪೇರಿ ಮಾಡುವಾಗ ಬೆನ್ನು ಸಮುದ್ರದ ಕಡೆಗಿತ್ತು.

"ಅಜ್ಜಿ ನೋಡಿದ್ರಾ?" ಎಂದೆ.

"ನೋಡಿದ್ರು ದೊಡ್ಡಪ್ಪ. ದಡದಲ್ಲಿ ನಿಲ್ಲಿಸಿದ್ವಿ. ತುಂಬಾ ಹೊತ್ತು ನೋಡಿ, 'ಇಷ್ಟೇನಾ?' ಅಂದ್ರು. ಆಮೇಲೆ ಅಲ್ಲೇ ಕೂತ್ರು. ಕತ್ತಲಾದ್ರೂ ಎಬ್ಬಿಸೋಕಾಗ್ಲಿಲ್ಲ. ದಿನಾ ಹಂಗೇ. ಅಮ್ಮ ದೀಪಸ್ತಂಭ ಹತ್ತಿ ಮೇಲಿಂದ ಕೈ ಬೀಸಿದ್ರೆ, ಅಜ್ಜಿ ತಿರುಗಿಯೂ ನೋಡ್ಲಿಲ್ಲ."

ಮರಳಿ ಬಂದ ದಿನ ಮುದುಕಿ ಸೊಂಟದ ಚೀಲದಿಂದ ಬೀಗದಕೈ ತೆಗೆದು ಮಗನಿಗೆ ಕೊಟ್ಟಳು. ಒಳಗೆ ತೂರಿಸಿ ತಿರುಗಿಸಿದ, ಬೀಗ ಬೆಣ್ಣೆಯಂತೆ ತೆರೆದುಕೊಂಡಿತು. ಅವನ ಮುಖ ಬಾಡಿತು.

"ಇಷ್ಟು ಸುಲಭಕ್ಕೆ ತೆಗೀತಲ್ಲ ಅಣ್ಣಾ ಇದು?"

"ಬೀಗದಕೈ ಹಾಕಿದೆಯಲ್ಲಯ್ಯಾ."

"ಅದೇ ನೋಡಿ. ಯಾರ ಕೈಗಾದ್ರೂ ಬೀಗದಕೈ ಸಿಕ್ರೆ ಮುಗೀತು."

ಈಗ ಬೀದಿಯಲ್ಲಿ ಯಾರೇ ಸಿಕ್ಕರೂ ಅವನು ಸಮುದ್ರವನ್ನು ವರ್ಣಿಸುತ್ತಾನೆ. "ಉಪ್ಪುಗಾಳಿ ಸ್ವಾಮಿ. ಹಿತ್ತಾಳೆ ಹಸಿರಾಗಿ ಹೋಗುತ್ತೆ. ಸ್ಪ್ರಿಂಗು ಒಂದು ಮಳೆಗಾಲ ತಡೆಯಲ್ಲ. ಊರು ಅಂದ್ರೆ ಅದು." ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರಬೇಕು ಎನ್ನುತ್ತಾನೆ. ಹೆಂಡತಿ ತಿರುಗಿ ನೋಡದೆಯೇ ಕೇಳುತ್ತಾಳೆ, "ಮನೆ ಯಾರು ನೋಡ್ಕೋತಾರೆ ರೀ?" ತಗಡನ್ನು ಹಾಗೆ ಜೋಡಿಸಲು ಹೇಗೆ ಹೊಳೆಯಿತು ಎಂದು ಅವನು ಎಷ್ಟು ಗೋಗರೆದರೂ ಅವಳು ಬಾಯಿ ಬಿಟ್ಟಿಲ್ಲ. ಕನ್ನಡಕ ಕಳೆದಾಗ ಅವನು ಈಗಲೂ ಮೇಲಿನ ಗೂಡನ್ನೇ ನೋಡುತ್ತಾನೆ.

ಮುದುಕಿಗೆ ಈಗ ಬೆಳಕು ನೆರಳು ಅಷ್ಟೇ ತಿಳಿಯುತ್ತದೆ. ಸಂಜೆ ಸೊಸೆ ಮನೆಗೆ ಬೀಗ ಹಾಕಿ ನಮ್ಮವಳ ಜೊತೆ ಪೇಟೆಗೆ ಹೋದರೆ, ಅವಳು ನಮ್ಮ ಜಗಲಿಯಲ್ಲಿ ಕೂರುತ್ತಾಳೆ. ಬೀಗದಕೈ ಇನ್ನೂ ಅದೇ ಸೊಂಟದ ಚೀಲದಲ್ಲಿ. ಚಿಲಕ ಅಂಗಡಿ ಮುಚ್ಚಿ ಬಂದು ಮುಂದೆ ನಿಲ್ಲುತ್ತಾನೆ. ಊರಿನ ಬಾಗಿಲನ್ನೆಲ್ಲ ತೆರೆಯುವವನು ತನ್ನ ಮನೆಗೆ ಹೋಗಲು ಅಮ್ಮನ ಮುಂದೆ ಕೈ ಚಾಚುತ್ತಾನೆ.

"ಮತ್ತೆ ಯಾವಾಗ ಕರ್ಕೊಂಡು ಹೋಗ್ತೀಯ?" ಎನ್ನುತ್ತಾಳೆ ಮುದುಕಿ.

"ಈಗ ಹೋಗಿ ಏನ್ ಕಾಣುತ್ತಮ್ಮ ನಿನಗೆ?"

"ಕಾಣೋದು ನನ್ನ ಪಾಡು. ಕೂರೋಕೆ ಜಾಗ ಇದೆಯಲ್ಲ ಅಲ್ಲಿ. ಯಾವ ತಿಂಗಳು, ಅದನ್ನ ಹೇಳು."

ಅವನು ಒಂದು ತಿಂಗಳ ಹೆಸರು ಹೇಳುವವರೆಗೂ ಚೀಲದ ದಾರ ಸಡಿಲವಾಗುವುದಿಲ್ಲ. ಹೇಳುತ್ತಾನೆ. ಮುದುಕಿ ನನ್ನ ಕಡೆಗೆ, ಎಂದರೆ ನಾನಿರಬಹುದು ಎಂದು ಅವಳು ಎಣಿಸಿದ ಕಡೆಗೆ, ಮುಖ ತಿರುಗಿಸುತ್ತಾಳೆ.

"ಕೇಳಿಸ್ಕೊಂಡ್ರಾ ಕಂಡಕ್ಟ್ರೇ?"

"ಕೇಳಿಸ್ಕೊಂಡೆ ಅಮ್ಮ. ಸೀಟು ಹಿಡೀತೀನಿ."